ಟರ್ಬೈನಿಗೆ ಹೊಲಿದ ಹಾಸಿಗೆ

ನಮ್ಮ ಹಿತ್ತಲ ಬಾಗಿಲು ತೆರೆದರೆ ಎದುರಿಗೆ ಕಾಣುತ್ತಿದ್ದದ್ದು ತಗಡು. ನೆಲದಿಂದ ಮಾಡಿನವರೆಗೆ, ಒಂದರ ಮೇಲೊಂದು ಹೊಡೆದ, ತುಕ್ಕು ಹಿಡಿದ ಅಲೆಅಲೆ ತಗಡು. ಅದು ಪವರ್ ಹೌಸಿನ ಉತ್ತರದ ಗೋಡೆ. ಚೆನ್ನೈನ ಜನ ಆ ಕಟ್ಟಡವನ್ನು ನೋಡುತ್ತಿದ್ದದ್ದು ದಕ್ಷಿಣದಿಂದ, ರಸ್ತೆಯ ಕಡೆಯಿಂದ. ಆ ಕಡೆಯಿಂದ ಅದು ಚರ್ಚಿನ ಹಾಗಿತ್ತು: ಕೆಂಪು ಇಟ್ಟಿಗೆ, ಸುಣ್ಣದ ಗಾರೆಯ ಅಂಚು, ಮೂರಾಳೆತ್ತರದ ಕಮಾನಿನ ಕಿಟಕಿಗಳು, ನೆತ್ತಿಯಲ್ಲಿ ಒಂದು ದುಂಡನೆಯ ಗಾಜಿನ ಕಿಂಡಿ. ಹಿಂದುಗಡೆ ಕಲ್ಲಿದ್ದಲಿನ ಅಂಗಳ, ಅದಕ್ಕೆ ಬರುವ ರೈಲು ಹಳಿ, ಬೂದಿಯ ಹೊಂಡ, ಕಾಲುವೆಯಿಂದ ನೀರು ಎಳೆಯುವ ಸುರಂಗದ ಬಾಯಿ, ಮತ್ತು ಕೆಲಸಗಾರರ ಕ್ವಾರ್ಟರ್ಸಿನ ಸಾಲು. ಆ ಸಾಲಿನ ಕೊನೆಯ ಮನೆ ನಮ್ಮದು. ಮುಂದುಗಡೆಗೆ ಅಷ್ಟು ಅಂದ ಮಾಡಿದವರು ನಮ್ಮ ಕಡೆಗೆ ಬರುವಷ್ಟರಲ್ಲಿ ಇಟ್ಟಿಗೆ ಮುಗಿದುಹೋಗಿರಬೇಕು ಎಂದು ನಾನು ಬಹಳ ದಿನ ನಂಬಿದ್ದೆ. ಒಂದು ಸಂಜೆ ಅಪ್ಪನನ್ನು ಕೇಳಿದೆ. ಅಪ್ಪ ಟರ್ಬೈನ್ ಹಾಲಿನಲ್ಲಿ ಆಪರೇಟರ್. ಮನುಷ್ಯರ ಬಗ್ಗೆ ಅವರು ಮಾತಾಡಿದ್ದು ಕಡಿಮೆ. ಕಟ್ಟಡದ ಬಗ್ಗೆ ಕೇಳಿದರೆ ಮಾತ್ರ ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು.

"ಬೆಳೆಯೋ ಕಡೆ ಯಾರಾದ್ರೂ ಇಟ್ಟಿಗೆ ಕಟ್ತಾರಾ? ಇನ್ನೊಂದು ಮಿಷಿನ್ ಬಂದ್ರೆ ಈ ತಗಡು ಬಿಚ್ಚೋದು, ಕಟ್ಟಡ ಅಷ್ಟು ಮುಂದಕ್ಕೆ ತರೋದು, ಮತ್ತೆ ತಗಡು ಹೊಡೆಯೋದು. ಇದು ಟೆಂಪ್ರರಿ ಗೋಡೆ ಕಣಮ್ಮ."

"ಟೆಂಪ್ರರಿ ಅಂದ್ರೆ?"

"ಇವತ್ತಿಗೆ ಅಂತ."

ಹಾಗೆ ಇವತ್ತಿಗೆ ಎಂದು ಹೊಡೆದ ಗೋಡೆ, ಹೊಸ ಯಂತ್ರ ಬಂದಾಗಲೆಲ್ಲ ಒಂದೊಂದು ಸಾಲು ಮನೆಗಳನ್ನು ನುಂಗುತ್ತ, ನಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರಕ್ಕೆ ಬಂದು ನಿಂತಿತ್ತು. ಮುಂದಿನ ಯಂತ್ರ ಬಂದಿದ್ದರೆ ನಮ್ಮ ಮನೆ ಉಳಿಯುತ್ತಿರಲಿಲ್ಲ. ಅದು ಬರಲಿಲ್ಲ. ಬೇರೆ ಕಡೆ, ಸಮುದ್ರದ ಹತ್ತಿರ, ದೊಡ್ಡ ಸ್ಥಾವರಗಳು ಎದ್ದವು. ನಾನು ಹುಟ್ಟುವ ಹೊತ್ತಿಗೆ ನಮ್ಮ ಪವರ್ ಹೌಸ್ ಮುದುಕನ ಹಾಗೆ ಕುಂಟುತ್ತ, ಆದರೂ ನಿಲ್ಲದೆ ದುಡಿಯುತ್ತಿತ್ತು. ಅದು ದುಡಿಯುವುದು ನಮಗೆ ಗೊತ್ತಾಗುತ್ತಿತ್ತು. ಅಡುಗೆಮನೆಯ ತಾಮ್ರದ ಕೊಡದಲ್ಲಿ ನೀರಿನ ಮೇಲೆ ಸಣ್ಣ ಬಳೆಗಳು ಏಳುತ್ತಲೇ ಇರುತ್ತಿದ್ದವು, ಯಾರೂ ಮುಟ್ಟದೆ. ನೀರು ಎಂದರೆ ನಡುಗುವ ವಸ್ತು ಎಂದೇ ನಾನು ತಿಳಿದಿದ್ದೆ.

ತಾತ ಶಿವನಸಮುದ್ರದ ಕಡೆಯವರು. ಅಲ್ಲಿ ಜಲಪಾತದ ಕೆಳಗಿನ ವಿದ್ಯುತ್ ಮನೆಯಲ್ಲಿ ಕೆಲಸ ಕಲಿತು, ಮದುವೆಯಾದ ಹೊಸತರಲ್ಲಿ ಅಜ್ಜಿಯನ್ನು ಕರೆದುಕೊಂಡು ಮದರಾಸಿನ ಈ ಪವರ್ ಹೌಸಿಗೆ ಬಂದರು. ಅವರ ನೆನಪು ನನಗಿಲ್ಲ, ಕಂಡಿರುವುದು ಹಾರ ಹಾಕಿದ ಪಟ ಮಾತ್ರ. ಅಜ್ಜಿಯಂತೂ ಈ ಊರಿಗೆ ಬಂದದ್ದನ್ನು ಕೊನೆಯವರೆಗೂ ಒಪ್ಪಲಿಲ್ಲ. ಒಣಹಾಕಿದ ಸೀರೆಯನ್ನು ಕೊಡವುವಾಗ, ಊಟಕ್ಕೆ ಮುಂಚೆ ಬೋರಲು ಹಾಕಿದ ತಟ್ಟೆಗಳನ್ನು ಒರೆಸುವಾಗ, ದಿನವೂ ಅದೇ ಮಾತು.

"ಅಲ್ಲಿ ನೀರಿಂದ ಕರೆಂಟು ತೆಗೀತಿದ್ರು. ಇಲ್ಲಿ ಬೂದಿ ತಿನ್ಸಿ ತೆಗೀತಾರೆ."

ಬೂದಿಯ ವಿಷಯದಲ್ಲಿ ನಮ್ಮ ಮನೆಯವರೆಲ್ಲ ಜಾಗರೂಕರು. ಕಿಟಕಿಗೆ ಒದ್ದೆ ಬಟ್ಟೆ, ಹಾಲಿಗೆ ಮುಚ್ಚಳ, ಮುಚ್ಚಳದ ಮೇಲೆ ಇನ್ನೊಂದು ತಟ್ಟೆ. ಅಮ್ಮ ಇದೇ ಊರಿನ ಕೋಡಂಬಾಕ್ಕಂನಲ್ಲಿ ಹುಟ್ಟಿ ಬೆಳೆದವಳು. ಅವಳ ಕನ್ನಡದಲ್ಲಿ ತಮಿಳು ಅರ್ಧಕ್ಕರ್ಧ ಇತ್ತು, ಅದನ್ನು ಅಜ್ಜಿ ಆಡಿಕೊಳ್ಳುತ್ತಿದ್ದಳು. ಅಮ್ಮ ಮಾಡಿದ ರಾಗಿಮುದ್ದೆಯನ್ನು ಬೆರಳಲ್ಲಿ ಒತ್ತಿ ನೋಡಿ, "ಗಂಟು ಮಾತ್ರ ಕನ್ನಡದ್ದು" ಎನ್ನುತ್ತಿದ್ದಳು. ಆದರೆ ಬೂದಿ ಒರೆಸುವ ವಿಷಯದಲ್ಲಿ ಅತ್ತೆ ಸೊಸೆ ಒಂದೇ. ಕಪ್ಪಾಗಿ ಬೀಳುವುದೇ ಕೊಳೆ ಎಂದು ಇಬ್ಬರೂ ನಂಬಿದ್ದರು. ಬೆಳ್ಳಗಿದ್ದದ್ದನ್ನು ಅವರು ಯಾವತ್ತೂ ಒರೆಸಲಿಲ್ಲ.

ಬೆಳ್ಳಗಿದ್ದದ್ದು ಮನೆಯ ಒಳಗೇ ಇತ್ತು. ಉಗಿ ಹರಿಯುವ ಕೊಳವೆಗಳಿಗೆ, ಕವಾಟಗಳಿಗೆ, ಟರ್ಬೈನಿನ ಮೈಗೆ ಶಾಖ ಆರದಂತೆ ಹೊದಿಕೆ ಬೇಕು. ಉದ್ದ ಕೊಳವೆಗಾದರೆ ಹಗ್ಗದಂಥದನ್ನು ಸುತ್ತಿ ಮೇಲೆ ಗಾರೆ ಮೆತ್ತುತ್ತಾರೆ. ಆಗಾಗ ಬಿಚ್ಚಿ ನೋಡಬೇಕಾದ ಜಾಗಕ್ಕೆ ಮಾತ್ರ ಹಾಸಿಗೆ: ಬಿಳಿಯ ದಪ್ಪ ಬಟ್ಟೆಯನ್ನು ಆ ಜಾಗದ ಆಕಾರಕ್ಕೆ ಕತ್ತರಿಸಿ, ಒಳಗೆ ಹತ್ತಿಯಂಥ ನಾರು ತುಂಬಿ, ಸುತ್ತ ಹೊಲಿದು, ನಡುವೆ ಕೌದಿಗೆ ಹಾಕುವಂತೆ ಅಲ್ಲಲ್ಲಿ ದಾರ ಎಳೆದು ಗಂಟು ಹಾಕಿದ್ದು. ಆ ಕೆಲಸ ಹಿಡಿದ ಮೇಸ್ತ್ರಿ ಅದನ್ನು ಕ್ವಾರ್ಟರ್ಸಿನ ಮನೆಗಳಿಗೆ ಹಂಚುತ್ತಿದ್ದ. ಬಟ್ಟೆ ಮತ್ತು ನಾರಿನ ಮೂಟೆ ಮನೆಗೆ ಬರುತ್ತಿತ್ತು, ಕೂಲಿ ಗಂಡಸರ ಕೈಗೆ ಹೋಗುತ್ತಿತ್ತು. ಅಜ್ಜಿ ಮದರಾಸಿಗೆ ಬಂದ ಮೊದಲ ವರ್ಷದಿಂದ ಹೊಲಿದಳು. ಅಮ್ಮ ಮದುವೆಯಾಗಿ ಬಂದ ಮೇಲೆ ಅವಳಿಂದ ಕಲಿತಳು. ತಾತ, ಆಮೇಲೆ ಅಪ್ಪ, ಯಂತ್ರದ ಮೇಲೆ ಹಳೆಯ ಪೇಪರು ಒತ್ತಿ ಆಕಾರ ಕತ್ತರಿಸಿ ತರುತ್ತಿದ್ದರು. ಅಜ್ಜಿ ಆ ಪೇಪರನ್ನು ನೆಲದ ಮೇಲೆ ಹರಡಿ, ದರ್ಜಿ ರವಿಕೆಯ ಅಳತೆ ನೋಡುವ ಹಾಗೆ ನೋಡುತ್ತಿದ್ದಳು.

"ಇದಕ್ಕೆ ಕುತ್ತಿಗೆ ದಪ್ಪ ಕಣೇ. ಇಲ್ಲಿ ಒಂದೀಟು ಸಡಿಲ ಬುಡು. ಬಿಸಿಯಾದ್ರೆ ಊದ್ಕತದೆ."

ಅಮ್ಮ ನಗುತ್ತಿದ್ದಳು. "ಬಸುರಿ ಹೆಂಗಸಿಗೆ ಹೊಲಿದ ಹಾಗೆ ಹೇಳ್ತೀರ ಅತ್ತೆ."

"ಬಸುರಿಗೆ ಒಂಬತ್ತು ತಿಂಗಳು. ಈ ಮುಂಡೇದಕ್ಕೆ ದಿನಾ."

ನಡುಮನೆಯ ಬಾಗಿಲು ಹಾಕಿಕೊಂಡು ಹೊಲಿಯುತ್ತಿದ್ದರು. ಬಾಗಿಲು ಹಾಕುತ್ತಿದ್ದದ್ದು ಹೊರಗಿನ ಕಪ್ಪು ಬೂದಿ ಬಿಳಿ ಬಟ್ಟೆಗೆ ತಾಗಬಾರದೆಂದು. ಮೂಟೆಯಿಂದ ನಾರನ್ನು ಕೈಯಲ್ಲಿ ಹಿಂಜಿ ತೆಗೆಯುವಾಗ ಕಿಟಕಿಯ ಬಿಸಿಲಿನಲ್ಲಿ ಸಣ್ಣ ಸಣ್ಣ ಎಳೆಗಳು ತೇಲುತ್ತಿದ್ದವು. ಅವು ಬೂದಿಯ ಹಾಗೆ ಕೆಳಗೆ ಬೀಳುತ್ತಿರಲಿಲ್ಲ. ನಾನು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿ ಅವುಗಳನ್ನು ಊದುತ್ತಿದ್ದೆ. ಎದ್ದಾಗ ಕೂದಲಲ್ಲಿ ಸಿಕ್ಕಿಕೊಂಡ ಎಳೆಗಳನ್ನು ಅಮ್ಮ ಹೇನು ಹೆಕ್ಕುವಂತೆ ಹೆಕ್ಕುತ್ತಿದ್ದಳು. ಉಳಿದ ತುಂಡುಗಳನ್ನು ಬಿಸಾಡುವ ಪದ್ಧತಿ ಇರಲಿಲ್ಲ. ಬಿಸಿ ಪಾತ್ರೆ ಇಳಿಸುವ ಬಟ್ಟೆ, ಒಲೆಯ ಹಿಂದಿನ ಪರದೆ, ಇಸ್ತ್ರಿ ಪೆಟ್ಟಿಗೆಯ ಕೆಳಗಿನ ಮಣೆ, ದೇವರ ಮುಂದಿನ ದೀಪದ ಅಡಿಯ ಚೌಕ, ಎಲ್ಲ ಅದರದೇ. ಸಾಲಿನ ಯಾವ ಮನೆಗೆ ಹೋದರೂ ಅದೇ ಬಟ್ಟೆ. ಹೊರಗಿನ ನೆಂಟರು ಬಂದರೆ ಒಂದೊಂದು ತುಂಡು ಕೇಳಿ ಪಡೆದು ಹೋಗುತ್ತಿದ್ದರು. ಬೆಂಕಿಗೆ ಹಿಡಿದರೂ ಸುಡುವುದಿಲ್ಲ ಎಂದು ಅಜ್ಜಿ ಅವರಿಗೆ ತೋರಿಸುತ್ತಿದ್ದಳು, ಸ್ವಲ್ಪ ಜಂಬದಿಂದಲೇ. ಅದರ ಹೆಸರು ಕಲ್ನಾರು, ಇಂಗ್ಲಿಷಿನಲ್ಲಿ ಆಸ್ಬೆಸ್ಟಾಸ್. ನಮ್ಮ ಮನೆಯಲ್ಲಿ ಬಿಳಿಬಟ್ಟೆ ಎನ್ನುತ್ತಿದ್ದೆವು.

ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಹೆಂಗಸರನ್ನು ಟರ್ಬೈನ್ ಹಾಲಿಗೆ ಬಿಡುತ್ತಿದ್ದರು. ಗೇಟಿನಲ್ಲಿ ಬೂದುಗುಂಬಳ ಒಡೆದು, ಪುರಿ ಕಡಲೆ ಹಂಚಿ, ಯಂತ್ರಗಳಿಗೆ ಕುಂಕುಮ ಹಚ್ಚಿದ ಮೇಲೆ ನಾವು ಒಳಗೆ ಹೋಗಬಹುದಿತ್ತು. ಒಳಗಿನ ಆ ಎತ್ತರ ನನಗೆ ಇವತ್ತಿಗೂ ಮೈಯಲ್ಲಿ ನೆನಪಿದೆ. ತಲೆ ಎತ್ತಿದರೆ ಉಕ್ಕಿನ ತೊಲೆಗಳು, ಅವುಗಳ ಮೇಲೆ ಬಿಸಿಗಾಳಿ ಹೊರಹೋಗಲು ಮಾಡಿನ ಉದ್ದಕ್ಕೂ ಬಿಟ್ಟ ಕಿಂಡಿ. ಎರಡು ಗೋಡೆಗಳ ನಡುವೆ ಹಳಿಯ ಮೇಲೆ ಓಡಾಡುವ ಕ್ರೇನು. ಆಳೆತ್ತರದವರೆಗೆ ಬಿಳಿ ಹೊಳಪಿನ ಟೈಲ್ಸು, ಕೆಂಪು ಕಪ್ಪು ಚೌಕದ ನೆಲ. ಯಾರೋ ಈ ಜಾಗವನ್ನು ಬರೀ ಕೆಲಸಕ್ಕೆಂದು ಕಟ್ಟಲಿಲ್ಲ, ನೋಡಿದವರು ತಲೆ ತಗ್ಗಿಸಲಿ ಎಂದು ಕಟ್ಟಿದ್ದರು. ಉಳಿದ ಹೆಂಗಸರು ಮೇಲೆ ನೋಡುತ್ತ ನಿಂತರೆ ಅಜ್ಜಿ ಏನನ್ನೂ ನೋಡದೆ ನೇರ ಯಂತ್ರದ ಹತ್ತಿರ ಹೋಗುತ್ತಿದ್ದಳು. ಸುತ್ತಿ ಬಂದು, ಬಗ್ಗಿ, ಹಾಸಿಗೆಗಳ ಅಂಚಿನ ಹೊಲಿಗೆಯನ್ನು ಬೆರಳಿನಿಂದ ಸವರುತ್ತಿದ್ದಳು.

"ಇದು ನಂದು. ಇದು ನಿಮ್ಮಮ್ಮಂದು, ಗಂಟು ನೋಡು, ಸೊಟ್ಟ. ಇದು ಯಾರದೋ, ನಮ್ಮನೇದಲ್ಲ. ಇದೂ ನಂದೇ."

ಒಂದು ಸಲ ಅಪ್ಪ ಸಂಕೋಚದಿಂದ, "ಅವ್ವ, ಸಾಕು ಬಾ, ಸಾಹೇಬ್ರು ನೋಡ್ತಾವ್ರೆ" ಎಂದರು.

"ನೋಡ್ಲಿ ಬುಡು. ಅವರ ಮಿಷಿನ್ನು ಬೆಚ್ಚಗಿರೋದು ಯಾರಿಂದ ಅಂತ ಅವರಿಗೂ ಗೊತ್ತಾಗ್ಲಿ."

ಆ ಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ. ನಕ್ಕು, ನನ್ನ ಕೈಗೆ ಇನ್ನಷ್ಟು ಪುರಿ ಹಾಕಿದರು.

ನಾನು ಒಂದನೇ ತರಗತಿಯಲ್ಲಿದ್ದಾಗ ಉಗಿಯಂತ್ರಗಳನ್ನು ಶಾಶ್ವತವಾಗಿ ನಿಲ್ಲಿಸಿದರು. ಸಮಾರಂಭವೇನೂ ನಡೆಯಲಿಲ್ಲ. ಶಾಲೆಯಿಂದ ಬಂದು ನೀರು ಕುಡಿಯಲು ಹೋದೆ, ಕೊಡದ ನೀರು ಕನ್ನಡಿಯಂತೆ ನಿಂತಿತ್ತು, ಅದರಲ್ಲಿ ನನ್ನ ಮುಖವಿತ್ತು. ಹೆದರಿ ಅಜ್ಜಿಯನ್ನು ಕರೆದೆ. ಅವಳು ಬಂದು ನೋಡಿದಳು, ಕೊಡವನ್ನು ಎತ್ತಿ ಬಚ್ಚಲಿಗೆ ಸುರಿದು ಬೇರೆ ನೀರು ತುಂಬಿದಳು. ಅದೂ ನಿಂತೇ ಇತ್ತು. ಅಪ್ಪನನ್ನು ಖಾಲಿ ಕಟ್ಟಡ ಕಾಯುವ ಕೆಲಸಕ್ಕೆ ಹಾಕಿದರು. ಹಾಸಿಗೆಯ ಮೂಟೆ ಬರುವುದು ನಿಂತಿತು.

ಅಜ್ಜಿಯ ಉಸಿರು ಕೆಟ್ಟದ್ದು ಅದಾದ ಮೇಲೆ. ಮೊದಲು ಹಿತ್ತಲಿಂದ ನಡುಮನೆಗೆ ಬರುವಾಗ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು. ಆಮೇಲೆ ಒಂದು ವಾಕ್ಯದ ನಡುವೆ ನಿಲ್ಲುತ್ತಿದ್ದಳು. ಅವಳ ಬೈಗುಳಗಳು ಅರ್ಧಕ್ಕೆ ಮುರಿಯತೊಡಗಿದವು, ಉಳಿದರ್ಧವನ್ನು ನಾವೇ ತುಂಬಿಕೊಳ್ಳಬೇಕಾಗಿತ್ತು. ಆಸ್ಪತ್ರೆಗೆ ಹೋದಾಗ ಅಪ್ಪ, ಅಮ್ಮ, ನಾನು ಮೂವರೂ ಜೊತೆಗಿದ್ದೆವು. ಡಾಕ್ಟರು ತಮಿಳಿನಲ್ಲಿ, ಪಾಟಿ ಎನ್ನ ವೇಲೆ ಪಾತ್ತಾಂಗ, ಅಜ್ಜಿ ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿದರು.

"ಕೆಲಸ ಏನೂ ಇಲ್ಲ ಸಾರ್. ಮನೇಲೇ ಇದ್ರು" ಎಂದರು ಅಪ್ಪ.

ಅಪ್ಪ ಸುಳ್ಳು ಹೇಳಲಿಲ್ಲ. ಕೆಲಸ ಎಂದರೆ ಸೈರನ್ನಿಗೆ ಎದ್ದು ಗೇಟು ದಾಟಿ ಹೋಗುವುದು. ಅಜ್ಜಿ ಗೇಟು ದಾಟಿದ್ದು ಆಯುಧಪೂಜೆಗೆ ಮಾತ್ರ. ಅಜ್ಜಿಯೂ ತಲೆಯಾಡಿಸಿದಳು, ಅಮ್ಮನೂ. ಕಲ್ಲಿದ್ದಲ ಹೊಗೆ ಇರಬಹುದು, ಟಿಬಿ ಇರಬಹುದು ಎಂದು ಡಾಕ್ಟರು ಮಾತ್ರೆ ಕೊಟ್ಟರು. ಅಜ್ಜಿ ಮಾತ್ರೆಗಳನ್ನು ನಿಷ್ಠೆಯಿಂದ ನುಂಗಿದಳು. ಆ ಮಾತ್ರೆಗೆ ಮೂತ್ರ ಕೆಂಪಾಯಿತು, ಉಸಿರು ಹಾಗೇ ಇತ್ತು.

ಎರಡು ಬೇಸಿಗೆ ಕಳೆದ ಮೇಲೆ ಯಂತ್ರಗಳನ್ನು ಬಿಚ್ಚಿ ಮಾರುವ ಕೆಲಸ ಶುರುವಾಯಿತು. ಅವುಗಳನ್ನು ಹೊರಗೆ ತರಲು ದಾರಿ ಒಂದೇ, ನಮ್ಮ ಕಡೆಯ ತಗಡಿನ ಗೋಡೆ. ಹೊಸ ಯಂತ್ರ ಒಳಗೆ ತರಲೆಂದು ತಗಡಿನಲ್ಲೇ ಉಳಿಸಿದ್ದ ಗೋಡೆಯನ್ನು ಹಳೆಯವನ್ನು ಹೊರಗೆ ಹಾಕಲು ಬಿಚ್ಚಿದರು. ಒಂದು ಬೆಳಿಗ್ಗೆ ಹಿತ್ತಲ ಬಾಗಿಲು ತೆರೆದರೆ ಟರ್ಬೈನ್ ಹಾಲು ಪೂರ್ತಿ ಕಾಣುತ್ತಿತ್ತು, ಎದುರು ತುದಿಯ ದುಂಡು ಕಿಂಡಿಯವರೆಗೆ. ಅಜ್ಜಿ ಕುರ್ಚಿ ಹಾಕಿಸಿಕೊಂಡು ಕೂತಳು. ಮೊದಲು ಬಂದವರು ಯಂತ್ರ ಬಿಚ್ಚುವವರಲ್ಲ. ತಲೆಯಿಂದ ಕಾಲಿನವರೆಗೆ ಬಿಳಿ ಪ್ಲಾಸ್ಟಿಕ್ಕಿನ ಅಂಗಿ, ಮುಖಕ್ಕೆ ಎರಡು ಡಬ್ಬಿಗಳಿರುವ ಮುಖವಾಡ, ಕೈಗವಸು, ಬೂಟು. ಒಬ್ಬ ನೀರು ಸಿಂಪಡಿಸುತ್ತಿದ್ದ. ಉಳಿದವರು ಹಾಸಿಗೆಗಳನ್ನು ಒಂದೊಂದಾಗಿ ಬಿಚ್ಚಿ, ಮಗುವನ್ನು ಇಳಿಸುವಷ್ಟು ನಿಧಾನವಾಗಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಾಯಿ ಅಂಟಿಸಿ, ಆ ಚೀಲವನ್ನು ಇನ್ನೊಂದು ಚೀಲದಲ್ಲಿಡುತ್ತಿದ್ದರು.

"ಯಾರವ್ವ ಇವರು," ಅಜ್ಜಿ ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ನಿಂತ ಮೇಲೆ ಮುಂದುವರಿಸಿದಳು, "ಚಂದ್ರಲೋಕಕ್ಕೆ ಹೊಂಟವ್ರ?"

ಅವರಲ್ಲೊಬ್ಬ ನಮ್ಮನ್ನು ಕಂಡು ಕೈ ಬೀಸುತ್ತ ಬಂದ. ಮುಖವಾಡದ ಒಳಗಿಂದ ಅವನ ದನಿ ಬಾವಿಯೊಳಗಿಂದ ಬಂದಂತಿತ್ತು.

"ಪಾಟಿ, ಉಳ್ಳೆ ಪೋಂಗ! ಕದವ ಮೂಡುಂಗ! ವಿಷಂ ಪಾಟಿ ಅದು!"

ಒಳಗೆ ಹೋಗಿ, ಬಾಗಿಲು ಹಾಕಿಕೊಳ್ಳಿ, ಅದು ವಿಷ. ಅಜ್ಜಿಗೆ ತಮಿಳು ಚೆನ್ನಾಗಿ ಬರುತ್ತಿತ್ತು. ಅವಳು ಏಳಲಿಲ್ಲ. ಅವನ ಕೈಯಲ್ಲಿದ್ದ ಚೀಲವನ್ನು ನೋಡುತ್ತಿದ್ದಳು. ಪ್ಲಾಸ್ಟಿಕ್ಕಿನ ಒಳಗೆ, ಒದ್ದೆಯಾಗಿ, ಅವಳ ಹೊಲಿಗೆ ಕಾಣುತ್ತಿತ್ತು. ಅಮ್ಮ ಅಡುಗೆಮನೆಯಿಂದ ಬಂದು ನಿಂತಿದ್ದಳು. ಅವಳ ಕೈಯಲ್ಲಿ ಒಲೆಯಿಂದ ಇಳಿಸಿದ ಸಾರಿನ ಪಾತ್ರೆ, ಪಾತ್ರೆಗೆ ಬಿಳಿಬಟ್ಟೆ. ಆ ಮನುಷ್ಯ ಅದನ್ನು ನೋಡಿದ. ಚೀಲ ಹಿಡಿದುಕೊಂಡು ಹಿಂದಿರುಗಿದ.

ಅವತ್ತು ಆ ಸಾರನ್ನು ಯಾರೂ ಮುಟ್ಟಲಿಲ್ಲ. ಅಮ್ಮ ಮೂಗಿಗೆ ಸೆರಗು ಕಟ್ಟಿಕೊಂಡು ಮನೆಯಲ್ಲಿದ್ದ ಬಿಳಿಬಟ್ಟೆಯನ್ನೆಲ್ಲ ಹುಡುಕಿ ಒಂದು ಗೋಣಿಚೀಲಕ್ಕೆ ತುಂಬಿದಳು: ಪರದೆ, ಇಸ್ತ್ರಿ ಮಣೆ, ದೀಪದ ಚೌಕ. ಅಜ್ಜಿ ಕುರ್ಚಿಯಿಂದಲೇ ಕೂಗಿದಳು.

"ದೀಪದ್ದು ಬುಡೇ! ಅದೇನ್ ಮಾಡ್ತು ನಿಂಗೆ?"

ಅಮ್ಮ ಬಿಡಲಿಲ್ಲ. ಮರುವಾರ ಮತ್ತೆ ಆಸ್ಪತ್ರೆ, ಈ ಸಲ ಬೇರೆ ಡಾಕ್ಟರು, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದವರು. ಅವರೂ ಅದೇ ಪ್ರಶ್ನೆ ಕೇಳಿದರು. ಅಮ್ಮ ಅಪ್ಪನ ಕಡೆ ನೋಡಿದಳು. ಅಜ್ಜಿಯೂ ನೋಡಿದಳು, ಬಾಯಿ ತೆರೆದಳು, ಅವಳಿಗೆ ಉಸಿರು ಸಾಲಲಿಲ್ಲ. ಅಪ್ಪ ನೆಲ ನೋಡುತ್ತ ಹೇಳಿದರು.

"ಹೌಸ್‌ವೈಫ್ ಸಾರ್."

ಮನೆಗೆ ಬಂದ ಮೇಲೆ ನಡೆದ ಜಗಳವೇ ನನ್ನ ಬಾಲ್ಯದಲ್ಲಿ ನಾನು ಕೇಳಿದ ಒಂದೇ ಜಗಳ. ಅದಕ್ಕೆ ಮುಂಚೆ ನಮ್ಮ ಮನೆಯಲ್ಲಿ ಗೊಣಗಾಟಗಳಿದ್ದವು, ಅಷ್ಟೆ. ಅಜ್ಜಿ ಒಳಗೆ ಮಲಗಿದ್ದಳು. ನಾನು ನಡುಮನೆಯಲ್ಲಿ ಹೋಂವರ್ಕ್ ಬರೆಯುತ್ತಿದ್ದೆ. ನಾನಿದ್ದೇನೆ ಎಂದು ಇಬ್ಬರೂ ಲಕ್ಷಿಸಲಿಲ್ಲ.

"ಯಾಕ್ರೀ ಸೊಲ್ಲಲಿಲ್ಲ? ಒಂದು ಮಾತು. ಹೊಲೀತಿದ್ರು ಅಂತ ಒಂದು ಮಾತು."

"ಹೇಳಿದ್ರೆ? ಉಸಿರು ವಾಪಸ್ ಕೊಡ್ತಾರಾ? ಯಾರ ಹೆಸರಲ್ಲಿ ಹೊಲಿದ್ರು, ಮನೆಗೆ ಯಾಕೆ ತಂದ್ರಿ ಅಂತ ಕೇಳ್ತಾರೆ. ಕ್ವಾರ್ಟರ್ಸ್ ಖಾಲಿ ಮಾಡಿ ಅಂತಾರೆ. ಎಲ್ಲಿಗೆ ಹೋಗ್ತೀಯ?"

"ಸರಿಯಾದ ಮರುಂದಾದ್ರೂ ಕೊಡ್ತಿದ್ರು."

"ಇದಕ್ಕೆ ಮದ್ದಿಲ್ಲ. ನಾನು ಕೇಳಿದೀನಿ."

ಅಮ್ಮ ಬಹಳ ಸಣ್ಣ ದನಿಯಲ್ಲಿ ಹೇಳಿದಳು.

"ನಾನೂ ಹೊಲಿದಿದೀನಿ."

ಅಪ್ಪ ಎದ್ದು ಹಿತ್ತಲಿಗೆ ಹೋದರು. ತಗಡಿಲ್ಲದ ಗೋಡೆಯ ಎದುರು ಅವರು ನಿಂತಿದ್ದು ನಾನು ಕೂತಲ್ಲಿಂದ ಕಾಣುತ್ತಿತ್ತು. ಆ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ. ಅಜ್ಜಿ ಆ ಮಳೆಗಾಲ ದಾಟಲಿಲ್ಲ. ಕೊನೆಯ ವಾರಗಳಲ್ಲಿ ಮಲಗಲು ಆಗದೆ, ದಿಂಬುಗಳನ್ನು ಅಪ್ಪಿಕೊಂಡು ಕೂತೇ ಇರುತ್ತಿದ್ದಳು. ಬೆರಳುಗಳು ದಿಂಬಿನ ಅಂಚಿನ ಹೊಲಿಗೆಯ ಮೇಲೆ ಓಡಾಡುತ್ತಿದ್ದವು. ಒಮ್ಮೆ ನನ್ನನ್ನು ಹತ್ತಿರ ಕರೆದು, ಪದಕ್ಕೊಂದು ಉಸಿರು ತೆಗೆದುಕೊಳ್ಳುತ್ತ ಹೇಳಿದಳು.

"ಒಂದೂ... ಬಿಚ್ಕೊಂಡಿರ್ಲಿಲ್ಲ... ನೋಡ್ದಾ?"

ನೋಡಿದೆ ಅಜ್ಜಿ ಎಂದೆ. ನಿಜವಾಗಿಯೂ ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.

ಆ ಮನೆಯಲ್ಲಿ ಬೆಳೆದ ನಾನು ಮಾತನ್ನು ತೂಗಿ ಆಡುವವಳಾದೆ. ಸಹೋದ್ಯೋಗಿಗಳು ಇದನ್ನು ಸಂಯಮ ಎನ್ನುತ್ತಾರೆ, ಕೆಲವರು ಬಿಗುಮಾನ ಎನ್ನುತ್ತಾರೆ. ನನಗೆ ಗೊತ್ತಿರುವುದಿಷ್ಟು: ಯಾರಾದರೂ ನೇರವಾಗಿ ಒಂದು ಪ್ರಶ್ನೆ ಕೇಳಿದರೆ, ಉತ್ತರ ತಿಳಿದಿದ್ದರೂ, ನಾನು ಮೊದಲು ಪಕ್ಕದಲ್ಲಿರುವವರ ಮುಖ ನೋಡುತ್ತೇನೆ. ಕ್ವಾರ್ಟರ್ಸು ಕೊನೆಗೂ ಖಾಲಿ ಮಾಡಿಸಿದರು, ನಾವು ಏನೂ ಹೇಳದಿದ್ದರೂ. ಅಪ್ಪ ನಿವೃತ್ತರಾಗಿ ವಡಪಳನಿಯಲ್ಲಿ ಒಂದು ಫ್ಲಾಟು ಕೊಂಡರು. ಪವರ್ ಹೌಸಿನ ಮುಂಭಾಗವನ್ನು ಉಳಿಸಬೇಕೆಂದು ಈಗ ಕೆಲವರು ಓಡಾಡುತ್ತಿದ್ದಾರೆ. ಹೋದ ವರ್ಷ ಅವರು ಏರ್ಪಡಿಸಿದ್ದ ಒಂದು ನಡಿಗೆಗೆ ನಾನೂ ಹೋಗಿದ್ದೆ, ಯಾರಿಗೂ ಹೇಳದೆ. ಕಮಾನುಗಳ ಬಗ್ಗೆ, ಇಟ್ಟಿಗೆಯ ಜೋಡಣೆಯ ಬಗ್ಗೆ ವಿವರಿಸಿದ ಯುವಕ ಚೆನ್ನಾಗಿ ಓದಿಕೊಂಡಿದ್ದ. ಹೇಳಿದ್ದೆಲ್ಲ ಸರಿಯಾಗಿತ್ತು. ಉತ್ತರದ ಕಡೆಗೆ ಯಾರನ್ನೂ ಕರೆದೊಯ್ಯಲಿಲ್ಲ. ಆ ಕಡೆ ನೋಡಲು ಏನೂ ಇಲ್ಲ, ಬಯಲು, ಜಾಲಿ ಮುಳ್ಳು. ನಾನು ಗುಂಪಿನಿಂದ ಹಿಂದೆ ಉಳಿದು ನಮ್ಮ ಬಟ್ಟೆ ಒಗೆಯುವ ಕಲ್ಲನ್ನು ಹುಡುಕಿದೆ, ಸಿಗಲಿಲ್ಲ.

ಈ ಚಳಿಗಾಲದಲ್ಲಿ ಅಮ್ಮ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ನಿಲ್ಲತೊಡಗಿದಳು. ನಾನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು. ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು. ಎರಡನೆಯ ಸಲ ಅವಳು ವಾಕ್ಯದ ನಡುವೆ ನಿಂತಾಗ ನಾನು ಅಣ್ಣಾ ನಗರದ ಒಬ್ಬ ಶ್ವಾಸಕೋಶದ ಡಾಕ್ಟರಲ್ಲಿ ಅಪಾಯಿಂಟ್‌ಮೆಂಟ್ ಮಾಡಿಸಿದೆ. ಅಪ್ಪನೂ ಬರುತ್ತೇನೆಂದರು. ಮೆಟ್ರೋದಲ್ಲಿ ಅಮ್ಮನ ಕೈಚೀಲವನ್ನು ಅವರೇ ಹಿಡಿದುಕೊಂಡಿದ್ದರು, ಹಾಗೆ ಅವರು ಎಂದೂ ಹಿಡಿದವರಲ್ಲ. ಡಾಕ್ಟರು ನನ್ನ ವಯಸ್ಸಿನ ಹೆಣ್ಣುಮಗಳು. ಕಂಪ್ಯೂಟರಿನಿಂದ ಕಣ್ಣೆತ್ತದೆ ಒಂದೊಂದೇ ಕೇಳುತ್ತ ಹೋದಳು. ಸಕ್ಕರೆ ಕಾಯಿಲೆ ಇದೆಯಾ, ಬಿಪಿ ಇದೆಯಾ, ಮನೆಯಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುತ್ತಾರಾ.

"ಅಮ್ಮ ಏನು ಕೆಲಸ ಮಾಡ್ತಿದ್ರು?"

ಎಲ್ಲ ತಮಿಳಿನಲ್ಲೇ ನಡೆಯುತ್ತಿತ್ತು. ಅಪ್ಪ ಗಂಟಲು ಸರಿಮಾಡಿಕೊಂಡರು. ನಾನು ಅಭ್ಯಾಸದಂತೆ ಅವರ ಮುಖ ನೋಡಿದೆ. ಅವರು ಏನು ಹೇಳಲಿದ್ದರೋ ನನಗೆ ಇಂದಿಗೂ ತಿಳಿಯದು, ಯಾಕೆಂದರೆ ಅಮ್ಮ ಅವರ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಹೊಲಿಗೆ ಕೆಲಸ," ಎಂದಳು. "ಪವರ್ ಹೌಸಿಗೆ."

ಡಾಕ್ಟರು ತಲೆ ಎತ್ತಿದಳು. "ಪವರ್ ಹೌಸಿಗೆ ಏನಮ್ಮ ಹೊಲಿಯೋದು?"

"ಮಿಷಿನ್ನಿಗೆ ಹಾಸಿಗೆ. ಕಲ್ನಾರಿನ ಬಟ್ಟೆ. ನಮ್ಮತ್ತೆ ಕಲಿಸಿದ್ರು."

ಕೀಬೋರ್ಡಿನ ಸದ್ದು ನಿಂತಿತು. ಡಾಕ್ಟರು ಕುರ್ಚಿಯನ್ನು ಮೇಜಿನಿಂದ ಈಚೆಗೆ ಎಳೆದು, ಅಮ್ಮನಿಗೆ ಎದುರಾಗಿ ಕೂತಳು.

"ಎಲ್ಲಿ ಕೂತು ಹೊಲೀತಿದ್ರಿ?"

"ಮನೇಲೇ. ಬಾಗಿಲು ಹಾಕ್ಕೊಂಡು."

"ಆಗ ಮನೇಲಿ ಇನ್ನು ಯಾರ್ಯಾರಿದ್ರು?"

ಅಮ್ಮ ನಿಧಾನವಾಗಿ ನನ್ನತ್ತ ತಿರುಗಿದಳು. ಅಪ್ಪನೂ ತಿರುಗಿದರು. ನಾನು ಯಾರ ಮುಖವನ್ನೂ ನೋಡಲಿಲ್ಲ.

"ನಾನಿದ್ದೆ," ಎಂದೆ.